ದೂಮಪ್ಪನ ಬಲಗಾಲಿನ ರಜೆ

೧೯೬೦ನೆಯ ಇಸವಿ. ಬೆಳ್ತಂಗಡಿ ಪೇಟೆಯಲ್ಲಿ ನಾನು ಸ್ವಂತ ದವಾಖಾನೆ ತೆರೆದು ಆಗ ಎರಡು ವರ್ಷವಾಗಿತ್ತು. ದವಾಖಾನೆಯೆಂದರೆ ಹಂಚಿನ ಮಾಡಿನ ಎರಡು ಕೋಣೆ, ಒಂದು ಮೇಜು, ಎರಡು ಬೆಂಚು, ಮಿಕ್ಸ್ಚರ್ ಕಲಸಿಕೊಡಲು ಸಂಜೀವ ಎಂಬ ಕಂಪೌಂಡರ್. ನನ್ನ ಹುಟ್ಟೂರು ಪೊಳಲಿ, ಓದಿದ್ದು ಮದ್ರಾಸಿನಲ್ಲಿ. ಅಲ್ಲಿ ಮೂಳೆ ಚಿಕಿತ್ಸೆಯ ವಾರ್ಡಿನಲ್ಲಿ ಒಂದೂವರೆ ವರ್ಷ ಹೌಸ್ ಸರ್ಜನ್ ಆಗಿದ್ದೆ. ಕಲಿತದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬ ಚಪಲ ಧಾರಾಳವಾಗಿತ್ತು. ಬೆಳ್ತಂಗಡಿಯ ಜನ ಮಾತ್ರ ಜ್ವರ, ಕೆಮ್ಮು, ಹೊಟ್ಟೆಹುಳ, ಕಜ್ಜಿ ಬಿಟ್ಟು ಬೇರೇನನ್ನೂ ನನ್ನ ಬಳಿಗೆ ತರುತ್ತಿರಲಿಲ್ಲ. ಮೂಳೆ ಮುರಿದರೆ ನಾಟಿ ವೈದ್ಯರಿದ್ದರು, ಅವರಲ್ಲಿ ಆಗದಿದ್ದರೆ ಮಂಗಳೂರು ಇತ್ತು.

ಹಾಗಾಗಿ ಜೂನ್ ಕೊನೆಯ ವಾರ ದೂಮಪ್ಪ ಕೋಲೂರಿಕೊಂಡು ಒಳಗೆ ಬಂದಾಗ ನನಗೆ ಸಂತೋಷವೇ ಆಯಿತು. ರೋಗಿಯನ್ನು ಕಂಡು ಸಂತೋಷಪಡುವುದು ಒಳ್ಳೆಯ ಗುಣವಲ್ಲ, ಗೊತ್ತು. ಆದರೆ ಆಗ ನನಗೆ ಮೂವತ್ತು ವರ್ಷ. ಅವನಿಗೂ ಸುಮಾರು ಅಷ್ಟೇ ಪ್ರಾಯ. ಅಳದಂಗಡಿಗೆ ಹೋಗುವ ದಾರಿಯಲ್ಲಿ, ಪೇಟೆಯಿಂದ ನಾಲ್ಕು ಮೈಲಿ ದೂರದಲ್ಲಿ, ನೇಮಿರಾಜ ಹೆಗ್ಡೆ ಎಂಬ ಜೈನ ಜಮೀನುದಾರರ ಮನೆಯಿತ್ತು. ದೂಮಪ್ಪ ಅಲ್ಲಿ ಕಂಬಳದ ಕೋಣಗಳನ್ನು ಸಾಕುವವನು, ಓಡಿಸುವವನೂ ಅವನೇ. ಹಿಂದಿನ ಜನವರಿಯಲ್ಲಿ ಅಭ್ಯಾಸದ ಓಟದಲ್ಲಿ ಕೆಸರಿನೊಳಗೆ ಕಾಲು ಸಿಕ್ಕಿ ಬಲ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ಮಂಗಳೂರಿನಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ನಾಲ್ಕು ತಿಂಗಳು ಇಟ್ಟಿದ್ದರು. ಅವನು ತಂದಿದ್ದ ಎಕ್ಸ್‌ರೇ ನೋಡಿದೆ. ಮೂಳೆ ಬಹಳ ಚೆನ್ನಾಗಿ ಕೂಡಿತ್ತು.

ಆದರೆ ಕಾಲು ಉಳಿದಿರಲಿಲ್ಲ. ಟೇಪು ಹಿಡಿದು ಅಳೆದೆ. ಎಡ ತೊಡೆಯ ಸುತ್ತಳತೆ ಇಪ್ಪತ್ತು ಇಂಚು, ಬಲದ್ದು ಹದಿನಾರೂವರೆ. ನಾಲ್ಕು ತಿಂಗಳು ಕೆಲಸವಿಲ್ಲದೆ ಮಲಗಿದ ಮಾಂಸಖಂಡ ಕರಗಿಹೋಗಿತ್ತು. ದೇಹ ಬಲು ಲೋಭಿ. ಉಪಯೋಗಿಸದ ಅಂಗಕ್ಕೆ ಅನ್ನ ಹಾಕುವುದಿಲ್ಲ.

"ಕಾಲು ನನ್ನದೇ ಅಂತ ಅನಿಸುವುದಿಲ್ಲ ಡಾಕ್ಟ್ರೇ," ಎಂದ ದೂಮಪ್ಪ. ಅವನ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. "ದಶಂಬರದಲ್ಲಿ ಧಣಿಗಳ ಗದ್ದೆಯಲ್ಲಿ ಕಂಬಳ ಉಂಟು. ಕಾಟಿ, ಚೆನ್ನ ಅಂತ ಜೋಡಿ. ಕರು ಇರುವಾಗಿಂದ ಸಾಕಿದ್ದು ನಾನು. ಈ ಸರ್ತಿ ನನ್ನಿಂದ ಆಗದಿದ್ದರೆ ಮೂಡಬಿದ್ರೆ ಕಡೆಯಿಂದ ಬೇರೆ ಜನ ಕರೆಸ್ತಾರಂತೆ. ಒಮ್ಮೆ ಬೇರೆಯವನ ಕೈಗೆ ಹೋದರೆ ಮತ್ತೆ ನನಗೆ ಬರುವುದುಂಟಾ? ಆಮೇಲೆ ನಾನು ಬರೀ ಸೊಪ್ಪು ಹೊರುವವ."

ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆ ಮನೆಯಲ್ಲಿ ಹದಿನೆಂಟು ಆಳುಗಳಿದ್ದರು. ಅವರಲ್ಲಿ ಹೆಸರು ಹಿಡಿದು ಊರು ಗುರುತಿಸುತ್ತಿದ್ದದ್ದು ದೂಮಪ್ಪನನ್ನು ಮಾತ್ರ. ಕೋಣಗಳು ಹೋದರೆ ಆ ಹೆಸರೂ ಹೋಗುತ್ತಿತ್ತು.

"ಓಡ್ತೀಯ ಮಾರಾಯ, ಯಾಕೆ ಓಡುವುದಿಲ್ಲ?" ಎಂದೆ. ಅಷ್ಟು ಸಲೀಸಾಗಿ ಹೇಳಬಾರದಿತ್ತು.

ಮದ್ರಾಸಿನಲ್ಲಿ ನಾನು ಕಲಿತ ಪದ್ಧತಿ ಸರಳವಾದದ್ದು. ರೋಗಿ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಪಾದಕ್ಕೆ ಭಾರ ಕಟ್ಟಿ ಮೊಣಕಾಲನ್ನು ನೆಟ್ಟಗೆ ಚಾಚಬೇಕು. ಹತ್ತು ಸಲ ಎತ್ತಲು ಸಾಧ್ಯವಾಗಿ ಹನ್ನೊಂದನೆಯದಕ್ಕೆ ಆಗದಷ್ಟು ಭಾರ ಯಾವುದೆಂದು ಮೊದಲು ಕಂಡುಹಿಡಿಯುವುದು. ಅದರ ಅರ್ಧ ಭಾರದಲ್ಲಿ ಹತ್ತು, ಮುಕ್ಕಾಲಿನಲ್ಲಿ ಹತ್ತು, ಪೂರ್ತಿಯಲ್ಲಿ ಹತ್ತು ಸಲ ಎತ್ತಿಸುವುದು. ವಾರಕ್ಕೊಮ್ಮೆ ಪರೀಕ್ಷಿಸಿ ಭಾರ ಏರಿಸುವುದು. ಕಾಲಿನಿಂದ ಮೊದಲಿಗಿಂತ ಸ್ವಲ್ಪ ಹೆಚ್ಚು ಕೆಲಸ ಕೇಳಿದರೆ ಕಾಲು ಅದಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುತ್ತದೆ. ಬಲವರ್ಧನೆಯ ವ್ಯಾಯಾಮದ ಮೂಲ ಇಷ್ಟೇ.

ಮದ್ರಾಸಿನಲ್ಲಿ ಇದಕ್ಕೆ ಕಬ್ಬಿಣದ ಬೂಟುಗಳಿದ್ದವು. ನಾನು ಬಂಟ್ವಾಳದಲ್ಲಿ ಒಬ್ಬ ಚಪ್ಪಲಿ ಕೆಲಸದವನನ್ನು ಹಿಡಿದು, ದಪ್ಪ ಚರ್ಮದ ಅಟ್ಟೆಗೆ ಮೂರು ಬೆಲ್ಟು ಹಾಕಿಸಿ ಒಂದು ವಿಚಿತ್ರ ಪಾದರಕ್ಷೆ ಮಾಡಿಸಿಕೊಂಡು ಬಂದೆ. ಸಂಜೀವ ಹೊಳೆಯ ಹೊಯ್ಗೆ, ಅಂದರೆ ಮರಳು, ತಂದು ಒಣಗಿಸಿ, ಪಕ್ಕದ ಜಿನಸಿನ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಒಂದು ರಾತಲಿನ, ಎರಡು ರಾತಲಿನ ಚೀಲಗಳನ್ನು ಹೊಲಿದ. ಒಂದು ರಾತಲೆಂದರೆ ಅರ್ಧ ಕಿಲೋಗಿಂತ ತುಸು ಕಡಿಮೆ. ಹೊಲಿಯುತ್ತಾ ಅವನು, "ಡಾಕ್ಟ್ರೇ, ಬೋರ್ಡಿನಲ್ಲಿ 'ಹೊಯ್ಗೆ ಸಿಗುತ್ತದೆ' ಅಂತಲೂ ಬರೆಸುವ," ಎಂದ. ನಾನು ನಗಲಿಲ್ಲ. ಆಗ ನನ್ನ ವಿದ್ಯೆಯ ಬಗ್ಗೆ ತಮಾಷೆ ಮಾಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಮೊದಲ ದಿನ ದೂಮಪ್ಪ ಎತ್ತಿದ್ದು ನಾಲ್ಕು ರಾತಲು. ಹತ್ತನೆಯ ಸಲಕ್ಕೆ ತೊಡೆ ಗಡಗಡ ನಡುಗಿತು, ಹಣೆಯಲ್ಲಿ ಬೆವರಿಳಿಯಿತು. ಕೋಣದ ಜೋಡಿಯ ಹಿಂದೆ ಓಡಿದ ಮನುಷ್ಯ ನಾಲ್ಕು ರಾತಲು ಹೊಯ್ಗೆಗೆ ಏದುಸಿರು ಬಿಟ್ಟದ್ದಕ್ಕೆ ಅವನಿಗೇ ನಾಚಿಕೆಯಾಯಿತು. ವಾರಕ್ಕೆ ಮೂರು ದಿನ ದವಾಖಾನೆಗೆ ಬರಲು ಹೇಳಿದೆ. ಉಳಿದ ದಿನ ಮನೆಯಲ್ಲಿ ಮಾಡಲು ಒಂದು ಜೊತೆ ಚೀಲ ಕಟ್ಟಿಕೊಟ್ಟೆ. ಚೀಟಿಯಲ್ಲಿ 'ಪ್ರತಿದಿನ' ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆ.

ಆರು ವಾರಗಳಲ್ಲಿ ನಾಲ್ಕು ರಾತಲು ಹದಿನೆಂಟಾಯಿತು. ಕೋಲು ಬಿಟ್ಟ. ಆದರೆ ತೊಡೆಯ ಸುತ್ತಳತೆ ಹೆಚ್ಚಾದದ್ದು ಕಾಲು ಇಂಚು ಮಾತ್ರ. "ಅಳತೆ ಹೆಚ್ಚದೆ ಬಲ ಎಲ್ಲಿಂದ ಬಂತು?" ಎಂದು ಸಂಜೀವ ಕೇಳಿದ. ಒಳ್ಳೆಯ ಪ್ರಶ್ನೆಯೇ. ಮೊದಲ ವಾರಗಳಲ್ಲಿ ಬೆಳೆಯುವುದು ಮಾಂಸವಲ್ಲ. ನರಗಳು ಕೆಲಸ ಕಲಿಯುತ್ತವೆ. ಮನೆಯಲ್ಲಿ ಹತ್ತು ಆಳಿದ್ದೂ ನಾಲ್ವರನ್ನೇ ಕೂಗಿದರೆ ಆಗುವುದು ನಾಲ್ವರ ಕೆಲಸ. ಬಹಳ ದಿನ ಸುಮ್ಮನಿದ್ದ ಕಾಲಿನಲ್ಲಿ ಮಿದುಳು ಮಾಂಸಖಂಡದ ಎಲ್ಲ ತಂತುಗಳನ್ನೂ ಕೂಗುವುದನ್ನು ಮರೆತಿರುತ್ತದೆ. ಅಭ್ಯಾಸವಾದಂತೆ ಒಂದೊಂದಾಗಿ ಎಲ್ಲವನ್ನೂ ಕೆಲಸಕ್ಕೆ ಕರೆಯುತ್ತದೆ. ಮಾಂಸಖಂಡ ದಪ್ಪವಾಗುವುದು ಅದರ ನಂತರ. ಇನ್ನೆರಡು ತಿಂಗಳಲ್ಲಿ ತೊಡೆ ತುಂಬಿಕೊಳ್ಳುತ್ತದೆ ಎಂದು ನಾನು ಧೈರ್ಯದಿಂದ ಹೇಳಿದೆ.

ತುಂಬಿಕೊಳ್ಳಲಿಲ್ಲ. ಆಗಸ್ಟ್ ಮೂರನೆಯ ವಾರ ಹದಿನೆಂಟರಲ್ಲೇ ನಿಂತಿತು. ಮುಂದಿನ ವಾರ ಹದಿನಾರಕ್ಕೆ ಇಳಿಯಿತು, ಆಮೇಲೆ ಹದಿನಾಲ್ಕು. ಸಂಜೆ ಹೊತ್ತಿಗೆ ಮೊಣಕಾಲು ಊದಿಕೊಳ್ಳತೊಡಗಿತು. ನನಗೆ ಅವನ ಮೇಲೇ ಗುಮಾನಿ.

"ಮನೆಯಲ್ಲಿ ತಪ್ಪಿಸ್ತಾ ಇದ್ದೀಯಲ್ಲ?"

"ಇಲ್ಲ ಡಾಕ್ಟ್ರೇ. ದೇವರಾಣೆ. ಒಂದು ದಿನವೂ ತಪ್ಪಿಸಿದ್ದಿಲ್ಲ."

ಊಟ ಸಾಲದಿರಬಹುದೆಂದು ಹುರುಳಿ, ಮೊಟ್ಟೆ, ಮೀನು ಹೆಚ್ಚು ತಿನ್ನಲು ಹೇಳಿದೆ. ಅದರಿಂದಲೂ ಆಗದಾಗ ನನ್ನ ವೃತ್ತಿಜೀವನದಲ್ಲೇ ಅತ್ಯಂತ ದಡ್ಡತನದ ಚೀಟಿಯೊಂದನ್ನು ಬರೆದೆ: 'ದಿನಕ್ಕೆ ಎರಡು ಬಾರಿ.' ದೂಮಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ. ಅವನು ಮನೆಯಲ್ಲಿ ಮೂರು ಬಾರಿ ಮಾಡುತ್ತಿದ್ದನೆಂದು ಆಮೇಲೆ ತಿಳಿಯಿತು. ಮದ್ದು ಒಂದು ಚಮಚ ಹೆಚ್ಚು ಕುಡಿದರೆ ಬೇಗ ಗುಣವಾಗುತ್ತದೆಂಬ ಲೆಕ್ಕ ನಮ್ಮ ಕಡೆ ಎಲ್ಲರಿಗೂ ಇತ್ತು. ಸೆಪ್ಟೆಂಬರ್ ಕೊನೆಗೆ ಅವನು ಎತ್ತಿದ್ದು ಹನ್ನೊಂದು ರಾತಲು. ಹೆಗ್ಡೆಯವರು ಮೂಡಬಿದಿರೆಗೆ ಜನ ಕಳಿಸಿದ್ದಾರೆಂಬ ಸುದ್ದಿಯೂ ಅದೇ ವಾರ ಬಂತು.

ಅಕ್ಟೋಬರ್ ಮೊದಲ ವಾರ ಹೆಗ್ಡೆಯವರ ತಾಯಿಗೆ ಜ್ವರವೆಂದು ನನ್ನನ್ನು ಕರೆಸಿದರು. ಬೆಳಿಗ್ಗೆ ಹೋದೆ. ಮುದುಕಿಗೆ ಮದ್ದು ಕೊಟ್ಟು ಹೊರಡುವಾಗ ಮನೆಯ ಹಿಂದಿನ ಕೆರೆಯಲ್ಲಿ ದೂಮಪ್ಪ ಕಂಡ. ಕಾಟಿ, ಚೆನ್ನ ಎರಡೂ ಕುತ್ತಿಗೆವರೆಗೆ ನೀರಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದವು. ಅವನು ತೆಂಗಿನ ನಾರು ಹಿಡಿದು ಅವುಗಳ ಬೆನ್ನು ಉಜ್ಜುತ್ತಿದ್ದ.

"ಇವತ್ತು ಓಡಿಸುವುದಿಲ್ವಾ?" ಎಂದು ಕೇಳಿದೆ.

"ಇವತ್ತಾ? ಇಲ್ಲಪ್ಪ. ನಿನ್ನೆ ಮನೆಯ ಹುಡುಗರ ಕೈಯಲ್ಲಿ ಓಡಿಸಿದ್ದಲ್ಲ. ಇವತ್ತು ರಜೆ, ನಾಳೆ ಸುಮ್ಮನೆ ನಡೆಸುವುದು, ನಾಡಿದ್ದು ಮತ್ತೆ ಓಟ." ನಾನೊಬ್ಬ ಏನೂ ತಿಳಿಯದ ಪೇಟೆಯವನೆಂಬಂತೆ ಅವನು ಬಿಡಿಸಿ ಹೇಳಿದ. "ಓಡಿಸಿದ ಮರುದಿನ ಓಡಿಸಿದರೆ ಕೋಣ ಕಾಲೆಳೀತದೆ ಡಾಕ್ಟ್ರೇ. ಓಡುವಾಗ ಅದಕ್ಕೆ ಬಲ ಬರುವುದಲ್ಲ. ಹೀಗೆ ನೀರಲ್ಲಿ ನಿಲ್ತದಲ್ಲ, ಆಗ ಬರುವುದು. ನನ್ನ ಅಪ್ಪ ಕಲಿಸಿದ್ದು."

ನಾನು ಕೆರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನಿನಗೆ ರಜೆ ಯಾವಾಗ ದೂಮಪ್ಪ?"

ಅವನು ನಕ್ಕ. ಆಮೇಲೆ, ನಾನು ಕೇಳುತ್ತಾ ಹೋದಂತೆ, ಅವನ ದಿನ ಹೊರಬಂತು. ಬೆಳಕು ಹರಿಯುವ ಮೊದಲು ಕೋಣಗಳಿಗೆ ಎರಡು ಹೊರೆ ಹಸಿಹುಲ್ಲು ಕೊಯ್ದು ಗುಡ್ಡೆಯಿಂದ ತಲೆಯ ಮೇಲೆ ಹೊತ್ತು ಇಳಿಸುವುದು. ಹುರುಳಿ ಬೇಯಿಸಿ ತಿನ್ನಿಸುವುದು. ಆಗಸ್ಟಿನಿಂದ ಗದ್ದೆಗೆ ಸೊಪ್ಪು, ಗೊಬ್ಬರ ಹೊರುವುದು. ನಡುವೆ ಮೂರು ಸಲ ನನ್ನ ಹೊಯ್ಗೆ ಚೀಲ. ದವಾಖಾನೆಯ ದಿನಗಳಲ್ಲಿ ಹೋಗಿಬರುವ ಎಂಟು ಮೈಲಿ. ಆಗಸ್ಟಿನಲ್ಲಿ ಕೋಲು ಬಿಟ್ಟ ಮೇಲೆ ಬಸ್ಸನ್ನೂ ಬಿಟ್ಟು ನಡೆದೇ ಬರುತ್ತಿದ್ದ.

"ಕೋಣವನ್ನು ಹೀಗೆ ದುಡಿಸ್ತೀಯಾ?"

"ಛೆ! ಸತ್ತುಹೋದೀತು."

"ಮತ್ತೆ ನಿನ್ನ ಕಾಲು?"

ಅವನು ಉಜ್ಜುವುದನ್ನು ನಿಲ್ಲಿಸಿದ. "ಕೋಣಕ್ಕೆ ಧಣಿ ಇದ್ದಾರೆ ಡಾಕ್ಟ್ರೇ. ಇವತ್ತು ಅದು ಕೂರಲಿ ಅಂತ ಅವರೇ ಹೇಳ್ತಾರೆ. ನನ್ನ ಕಾಲು ಕೂರಲಿ ಅಂತ ಯಾರು ಹೇಳುವುದು?"

ಅದರಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೇ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಯಾಕೆಂದರೆ ಹೇಳಬೇಕಾದವನು ನಾನಾಗಿದ್ದೆ, ಮತ್ತು ನಾನು ಬರೆದುಕೊಟ್ಟದ್ದು 'ದಿನಕ್ಕೆ ಎರಡು ಬಾರಿ' ಎಂದು.

ನನ್ನ ತಪ್ಪು ಎಲ್ಲಿತ್ತೆಂದು ಆ ಮೆಟ್ಟಿಲ ಮೇಲೆಯೇ ಹೊಳೆಯಿತು. ಭಾರ ಎತ್ತಿದಾಗ ಮಾಂಸಖಂಡ ಬೆಳೆಯುವುದಿಲ್ಲ, ದಣಿಯುತ್ತದೆ. ತಂತುಗಳು ಅಲ್ಲಲ್ಲಿ ಜಖಂ ಕೂಡ ಆಗುತ್ತವೆ. ಆಮೇಲೆ ಸಿಗುವ ವಿಶ್ರಾಂತಿಯಲ್ಲಿ ದೇಹ ಅದನ್ನು ರಿಪೇರಿ ಮಾಡುತ್ತದೆ, ಮುಂದಿನ ಸಲಕ್ಕೆ ಇರಲಿ ಎಂದು ಸ್ವಲ್ಪ ಹೆಚ್ಚೇ ಕಟ್ಟುತ್ತದೆ. ರಿಪೇರಿ ಮುಗಿಯುವ ಮೊದಲೇ ಮತ್ತೆ ಮತ್ತೆ ಕೆದಕಿದರೆ ಇದ್ದ ಬಲವೂ ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮದ್ರಾಸಿನ ವಾರ್ಡಿನಲ್ಲಿ ಪ್ರತಿದಿನ ಎತ್ತಿಸುತ್ತಿದ್ದೆವು, ಎಲ್ಲರ ಕಾಲೂ ಬಲವಾಗುತ್ತಿತ್ತು. ಅಲ್ಲಿನ ರೋಗಿಗಳು ಅರ್ಧ ಗಂಟೆ ಭಾರ ಎತ್ತಿ ಉಳಿದ ಹೊತ್ತೆಲ್ಲ ಮಂಚದ ಮೇಲೆ ಮಲಗಿರುತ್ತಿದ್ದರು! ರಜೆ ಆ ಮಂಚದಲ್ಲೇ ಇತ್ತು. ಆದ್ದರಿಂದ ಅದನ್ನು ಯಾರೂ ಬರೆದು ಹೇಳಿರಲಿಲ್ಲ. ನಾನು ಭಾರವನ್ನು ಬೆಳ್ತಂಗಡಿಗೆ ತಂದೆ, ಮಂಚವನ್ನು ಮದ್ರಾಸಿನಲ್ಲೇ ಬಿಟ್ಟುಬಂದೆ. ಹೊಯ್ಗೆ ಚೀಲ ಯಾವುದು, ಹುಲ್ಲಿನ ಹೊರೆ ಯಾವುದು ಎಂಬ ವ್ಯತ್ಯಾಸ ತೊಡೆಗೆ ಗೊತ್ತಾಗುವುದಿಲ್ಲ.

ನೆಟ್ಟಗೆ ಚಾವಡಿಗೆ ಹೋದೆ. ಹೆಗ್ಡೆಯವರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅವರು ಕ್ರೂರಿಯೇನಲ್ಲ. ಆಳುಗಳ ಮನೆಯ ಮದುವೆಗೆ ಅಕ್ಕಿ ಕಳಿಸುವವರು, ಮಂಗಳೂರಿನ ಆಸ್ಪತ್ರೆಗೆ ದೂಮಪ್ಪನನ್ನು ತಮ್ಮ ಕಾರಿನಲ್ಲೇ ಕರೆದೊಯ್ದವರು. ನಾನು ವಿಷಯ ಹೇಳಿದೆ.

"ಕೂರಬೇಕಾದರೆ ಕೂರಲಿ. ನಾನು ಬೇಡ ಅಂತ ಹೇಳಿದ್ದುಂಟಾ?" ಎಂದರು.

"ನೀವು ಬೇಡ ಅನ್ನಲಿಲ್ಲ. ಆದರೆ ಕೂರು ಅಂತ ಕೋಣಗಳಿಗೆ ಹೇಳಿದ ಹಾಗೆ ಅವನಿಗೆ ಹೇಳಿದ್ದೂ ಇಲ್ಲ."

ಅವರ ಬಾಯಿಯ ಎಲೆಯಡಿಕೆ ಒಂದು ಕ್ಷಣ ನಿಂತಿತು. ಹೆಚ್ಚು ಮಾತಾಡಿದೆನೇನೋ ಎಂದು ನನಗೂ ಅಳುಕಾಯಿತು. ಕೊನೆಗೆ ಅವರು ನಕ್ಕು, "ಅಂದರೆ ಕೋಣದ ಲೆಕ್ಕವನ್ನೇ ಇವನಿಗೂ ಹಾಕುವ ಅಂತೀರಿ," ಎಂದರು.

"ಹೌದು. ಅದಕ್ಕಿಂತ ಒಳ್ಳೆಯ ಲೆಕ್ಕ ನನ್ನ ಪುಸ್ತಕದಲ್ಲೂ ಇಲ್ಲ."

ಅಲ್ಲೇ ಕೂತು ಚೀಟಿ ಬರೆದೆ. ಎರಡು ವಾರ ಭಾರವೂ ಇಲ್ಲ, ಹೊರೆಯೂ ಇಲ್ಲ. ಆಮೇಲೆ ವಾರಕ್ಕೆ ಮೂರು ದಿನ ವ್ಯಾಯಾಮ, ನಡುವಿನ ದಿನಗಳಲ್ಲಿ ಕಡ್ಡಾಯ ವಿಶ್ರಾಂತಿ. ಹುಲ್ಲು ತರಲು ಬೇರೆ ಆಳು. ದವಾಖಾನೆಗೆ ಬಸ್ಸಿನಲ್ಲಿ. ಕೆಳಗೆ ಸಹಿ ಹಾಕಿ, ಚೀಲದಲ್ಲಿದ್ದ ದವಾಖಾನೆಯ ಮೊಹರನ್ನೂ ಒತ್ತಿದೆ. ಹೆಗ್ಡೆಯವರು ಓದಿ ಮಡಚಿ ಇಟ್ಟುಕೊಂಡರು. "ಆಗಲಿ. ಆದರೆ ನವೆಂಬರ್ ಕೊನೆಗೆ ನೀವೇ ಹೇಳಬೇಕು ಡಾಕ್ಟ್ರೇ, ಇವ ಓಡ್ತಾನೋ ಇಲ್ವೋ ಅಂತ. ನಿಮ್ಮ ಮಾತೇ ಕೊನೆ. ಅಲ್ಲಿವರೆಗೆ ಮೂಡಬಿದ್ರೆಯವನಿಗೆ ತಡಿ ಅಂತ ಹೇಳ್ತೇನೆ."

ಮೊದಲ ಎರಡು ವಾರ ದೂಮಪ್ಪನಿಗೆ ನರಕ. ಸುಮ್ಮನೆ ಕೂರಲು ಅವನಿಗೆ ಬರುತ್ತಿರಲಿಲ್ಲ. "ಹೆಂಡತಿ ನೀರು ಹೊರುವಾಗ ನಾನು ಜಗಲಿಯಲ್ಲಿ ಕೂತರೆ ಕಂಡವರು ಏನು ಹೇಳಿಯಾರು?" ಎಂದು ಗೊಣಗಿದ. ಮೂರನೆಯ ವಾರ ಮೇಜಿನ ಮೇಲೆ ಕೂರಿಸಿ ಭಾರ ಕಟ್ಟಿದೆ. ಹದಿನೇಳು ರಾತಲು! ಬರೀ ಕೂತು ಆರು ರಾತಲು ಸಂಪಾದಿಸಿದ್ದ. ಸಂಜೀವ ಚೀಲಗಳನ್ನು ಎರಡೆರಡು ಸಲ ಎಣಿಸಿದ. ಅಲ್ಲಿಂದ ಮುಂದೆ ವಾರವಾರವೂ ಏರಿತು: ಇಪ್ಪತ್ತೊಂದು, ಇಪ್ಪತ್ತಾರು, ಮೂವತ್ತು. ಈಗ ತೊಡೆಯೂ ತುಂಬಿತು. ನವೆಂಬರ್ ಕೊನೆಯಲ್ಲಿ ಬಲಗಾಲು ಮೂವತ್ತೆಂಟು ರಾತಲು ಎತ್ತಿತು, ಎಡಗಾಲು ನಲವತ್ತು. ಸುತ್ತಳತೆಯಲ್ಲಿ ಉಳಿದ ವ್ಯತ್ಯಾಸ ಒಂದು ಇಂಚು.

ದೂಮಪ್ಪ ಮೇಜಿನಿಂದ ಇಳಿದು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಕಂಬಳವೇ ಕುಣಿಯುತ್ತಿತ್ತು. ಲೆಕ್ಕದ ಪ್ರಕಾರ ನಾನು ಹೂಂ ಎನ್ನಬೇಕಿತ್ತು. ಆದರೆ ಮೊದಲೊಮ್ಮೆ ಬಾಯಿಬಿಟ್ಟು ಕೆಟ್ಟಿದ್ದೆ. ದವಾಖಾನೆಯ ಹಿಂದಿನ ಇಳಿಜಾರಿಗೆ ಕರೆದೊಯ್ದು ಓಡಲು ಹೇಳಿದೆ. ಏರುವಾಗ ಚೆನ್ನಾಗಿ ಓಡಿದ. ಇಳಿಯುವಾಗ ನಾಲ್ಕನೆಯ ಹೆಜ್ಜೆಗೆ ತುಟಿ ಕಚ್ಚಿದ. ಬಲಗಾಲೊಂದರಲ್ಲೇ ಕುಪ್ಪಳಿಸಲು ಹೇಳಿದೆ. ಆರು ಸಲ ಕುಪ್ಪಳಿಸಿ ನಿಂತ. ಮೊಣಕಾಲಿನ ಚಿಪ್ಪಿನ ಕೆಳಗೆ ಒತ್ತಿದಾಗ ಕಾಲು ಹಿಂದೆಳೆದುಕೊಂಡ.

ಅಲ್ಲಿರುವುದು ಟೆಂಡನ್. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ ಅದು. ಮಾಂಸಖಂಡಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ, ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಟೆಂಡನ್ನಿಗೆ ರಕ್ತ ಹೋಗುವುದೇ ಕಡಿಮೆ. ಅದು ಬಲಗೊಳ್ಳಲು ತಿಂಗಳುಗಳು ಬೇಕು. ದೂಮಪ್ಪನ ತೊಡೆ ಈಗ ಎಳೆಯಬಲ್ಲ ಜೋರನ್ನು ಅವನ ಟೆಂಡನ್ ಇನ್ನೂ ತಾಳಲಾರದು. ಕೆಸರಿನಲ್ಲಿ, ಕೋಣಗಳ ವೇಗದಲ್ಲಿ ಅದು ಹರಿದರೆ ಮತ್ತೆ ಕಟ್ಟುವ ವಿದ್ಯೆ ನನ್ನ ಬಳಿ ಇರಲಿಲ್ಲ.

"ಈ ವರ್ಷ ಬೇಡ ದೂಮಪ್ಪ."

ಅವನು ನನ್ನ ಹಿಂದೆಯೇ ದವಾಖಾನೆಯೊಳಗೆ ಬಂದ. ಆಮೇಲೆ, "ಮತ್ತೆ ಇಷ್ಟು ಹೊಯ್ಗೆ ಎತ್ತಿಸಿದ್ದು ಯಾಕೆ ನೀವು?" ಎಂದ. ಬೆಲ್ಟು ಬಿಚ್ಚಿದ ಪಾದರಕ್ಷೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಬಾಗಿಲಿನಲ್ಲಿ ತಿರುಗಿ ನೋಡಲಿಲ್ಲ.

ಹೆಗ್ಡೆಯವರಿಗೆ ಹೇಳಲು ನಾನೇ ಹೋದೆ. ಮುಂದಿನ ವರ್ಷ ಖಂಡಿತ ಓಡುತ್ತಾನೆ, ಅದಕ್ಕೆ ನಾನು ಹೊಣೆ ಎಂದೆ. "ನಿಮ್ಮ ಮಾತಿನ ಮೇಲೆ ಒಂದು ವರ್ಷ ಕೋಣಗಳನ್ನು ಅವನ ಸುಪರ್ದಿಯಲ್ಲೇ ಬಿಡ್ತೇನೆ. ಎರಡನೇ ವರ್ಷ ಕೇಳಬೇಡಿ," ಎಂದರು. ಆ ಡಿಸೆಂಬರಿನಲ್ಲಿ ಮೂಡಬಿದಿರೆಯವನು ಓಡಿಸಿದ. ಓಟ ಶುರುವಾಗುವ ಕಡೆ ನಿಂತು ಕೋಣಗಳ ಹಗ್ಗವನ್ನು ಅವನ ಕೈಗೆ ಕೊಟ್ಟದ್ದು ದೂಮಪ್ಪನೇ ಎಂದು ಜನ ಹೇಳಿದರು. ನಾನು ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಆ ವರ್ಷ ಓಡಿದ್ದರೆ ಟೆಂಡನ್ ಹರಿಯುತ್ತಿತ್ತೇ? ಇವತ್ತಿಗೂ ನನಗೆ ಗೊತ್ತಿಲ್ಲ. ಬೇಡವೆಂದು ತಡೆದ ವೈದ್ಯನಿಗೆ ತಾನು ಹೇಳಿದ್ದು ಸರಿಯೆಂಬ ಸಾಕ್ಷಿ ಎಂದೂ ಸಿಗುವುದಿಲ್ಲ.

ಕಂಬಳ ಕಳೆದು ಹತ್ತು ದಿನಕ್ಕೆ ದೂಮಪ್ಪ ಬಂದ. ಮೇಜಿನ ಮೇಲೆ ಕೂತು ತಾನೇ ಬೆಲ್ಟು ಬಿಗಿದುಕೊಂಡ. "ಎಷ್ಟು ಹಾಕುವ?" ಎಂದ ಸಂಜೀವ. "ಡಾಕ್ಟ್ರು ಹೇಳಿದಷ್ಟು," ಎಂದ. ಆ ವರ್ಷವಿಡೀ ನಾವು ಅವಸರಪಡಲಿಲ್ಲ. ಇಳಿಜಾರಿನಲ್ಲಿ ನಡಿಗೆ, ನಿಧಾನವಾಗಿ ಕುಪ್ಪಳಿಸುವುದು, ಮಂಡಿ ಮಡಚಿ ಏಳುವುದು, ಮತ್ತು ಪ್ರತಿಯೊಂದರ ಮರುದಿನ ರಜೆ.

೧೯೬೧ರ ಡಿಸೆಂಬರಿನ ಕಂಬಳಕ್ಕೆ ನಾನು ಹೋದೆ. ದೂಮಪ್ಪ ಓಡಿದ. ಕೆಸರು ನೀರು ಆಳೆತ್ತರ ಚಿಮ್ಮಿತು. ನಾನು ನೋಡುತ್ತಿದ್ದದ್ದು ಅವನ ಬಲ ಮೊಣಕಾಲನ್ನು ಮಾತ್ರ, ಕೋಣಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಜೋಡಿ ಗೆದ್ದಿತು, ಆದರೆ ಒಂದು ಮೂಗಿನಷ್ಟು ಅಂತರದಲ್ಲಿ. ಸೋತ ಕಡೆಯವರು ಒಪ್ಪಲಿಲ್ಲ, ಮತ್ತೊಮ್ಮೆ ಓಟಕ್ಕೆ ಬಿಡಬೇಕೆಂದು ಗಲಾಟೆಯೆಬ್ಬಿಸಿದರು. ಹೆಗ್ಡೆಯವರಿಗೂ ಹುರುಪು ಬಂತು. "ಬಿಡುವ! ಇನ್ನೊಮ್ಮೆ ಬಿಡುವ! ದೂಮಪ್ಪಾ, ತಿರುಗಿಸು!" ಎಂದು ದಂಡೆಯ ಮೇಲಿಂದ ಕೂಗಿದರು.

ದೂಮಪ್ಪ ಮಂಡಿಯವರೆಗಿನ ಕೆಸರಿನಲ್ಲಿ ಹಗ್ಗ ಹಿಡಿದು ನಿಂತಿದ್ದ. ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಕೋಣಗಳಿಗೆ ಆಗ್ತದೆ ಧಣಿ. ನನ್ನ ಕಾಲಿಗೆ ಇವತ್ತಿಗೆ ಸಾಕು."

ಗಲಾಟೆ ಒಮ್ಮೆಲೇ ನಿಂತಿತು. ಆ ಗದ್ದೆಯಲ್ಲಿ ಅಂಥ ಮಾತನ್ನು ಅದಕ್ಕೆ ಮೊದಲು ಯಾರೂ ಹೇಳಿರಲಿಕ್ಕಿಲ್ಲ. ಹೆಗ್ಡೆಯವರ ಮುಖ ಕೆಂಪಾಯಿತು. ಅವರು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ. ಬಾಯಿ ತೆರೆಯಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಸೋತ ಕಡೆಯವರಿಗೆ ಹೇಳಿದರು, "ಇವತ್ತು ಆಗುವುದಿಲ್ಲ. ನನ್ನ ಜನಕ್ಕೆ ದಣಿವಾಗಿದೆ. ಗೆಲುವು ಬೇಕಾದರೆ ನೀವೇ ಇಟ್ಟುಕೊಳ್ಳಿ."

ಬಿಟ್ಟುಕೊಟ್ಟ ಗೆಲುವನ್ನು ಅವರೂ ತೆಗೆದುಕೊಳ್ಳಲಿಲ್ಲ, ಹಾಗಾಗಿ ಆ ವರ್ಷದ ಗೆಲುವು ಯಾರ ಹೆಸರಿಗೂ ಸೇರಲಿಲ್ಲ. ಮುಂದೆ ಏಳು ವರ್ಷ ಕಾಟಿ, ಚೆನ್ನರನ್ನು ದೂಮಪ್ಪನೇ ಓಡಿಸಿದ.

ಆ ನಂತರ ನಾನು ಎಷ್ಟೋ ಕಾಲು, ಕೈ, ಬೆನ್ನುಗಳಿಗೆ ವ್ಯಾಯಾಮ ಬರೆದುಕೊಟ್ಟಿದ್ದೇನೆ. ಎತ್ತುವ ಭಾರವನ್ನು ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ದಿನದಲ್ಲಿ ನೀವು ಕೂರುವುದು ಯಾವಾಗ? ಬಹಳ ಜನಕ್ಕೆ, ಅದರಲ್ಲೂ ಹೆಂಗಸರಿಗೆ, ಉತ್ತರವೇ ಇರುವುದಿಲ್ಲ. ಅಂಥವರಿಗೆ ರಜೆಯನ್ನು ನಾನೇ ಬರೆದು, ಮೊಹರು ಒತ್ತಿ, ಮನೆಯ ಯಜಮಾನನ ಹೆಸರಿಗೆ ಕಳಿಸುತ್ತಾ ಬಂದೆ. ದೇಹ ಬಲು ಬೇಗ ಕಲಿಯುತ್ತದೆ, ಸ್ವಲ್ಪ ಬಿಡುವು ಕೊಟ್ಟರೆ ಸಾಕು. ಆ ಬಿಡುವನ್ನು ತನಗಾಗಿ ಕೇಳುವುದನ್ನು ಕಲಿಯಲು ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ದೂಮಪ್ಪನಿಗೆ ಹದಿನೆಂಟು ತಿಂಗಳು ಬೇಕಾಯಿತು.